ದೀಪ ಬಿಡದೆ ಇಳಿದವನು

ಸಿನಿಮಾ ನೋಡುವಾಗ ಮಾತಾಡುವವರನ್ನು ಕಂಡರೆ ನನಗೆ ಅಂಗಾಲಿನ ಉರಿ ನೆತ್ತಿಗೇರುತ್ತದೆ. ಕತ್ತಲಲ್ಲಿ ಶೇಂಗಾ ಸುಲಿದು ಸಿಪ್ಪೆಯನ್ನು ನನ್ನ ಚಪ್ಪಲಿಯ ಮೇಲೆ ಉದುರಿಸುವವರನ್ನು ಕ್ಷಮಿಸಬಲ್ಲೆ, ನನ್ನ ಕುರ್ಚಿಯ ಬೆನ್ನಿಗೆ ಮೊಣಕಾಲು ಕೊಟ್ಟು ಎರಡೂವರೆ ತಾಸು ಕೂಡುವವರನ್ನೂ ಪೂರ್ವಜನ್ಮದ ಕರ್ಮವೆಂದು ಬಗೆದು ಸಹಿಸಬಲ್ಲೆ, ಆದರೆ "ಹಿಂದ ನೋಡೋ, ಹಿಂದ ಬಂದಾನ!" ಎಂದು ತೆರೆಯ ಮೇಲಿನ ನಾಯಕನನ್ನು ಕುಳಿತಲ್ಲಿಂದಲೇ ಎಚ್ಚರಿಸುವ ಪರೋಪಕಾರಿಗಳನ್ನು ಕಂಡರೆ ನನ್ನೊಳಗಿನ ವಿಜ್ಞಾನದ ಮಾಸ್ತರ ಬೆತ್ತ ಹುಡುಕತೊಡಗುತ್ತಾನೆ. ಬೆತ್ತ ಸಿಗದಿದ್ದಾಗ "ಶ್‌ಶ್" ಎನ್ನುತ್ತೇನೆ. ಮಾತಾಡುವವರ ಮಾತಿಗಿಂತ ನನ್ನ ಈ ಮೌನಪ್ರಚಾರವೇ ಹೆಚ್ಚು ದೂರ ಕೇಳಿಸುತ್ತದೆಂದು ನನ್ನ ಹೆಂಡತಿಯ ಅಭಿಪ್ರಾಯ. ಮನೆಯಲ್ಲಿ ಆಕೆಯ ಅಭಿಪ್ರಾಯಕ್ಕೆ ಮೇಲ್ಮನವಿ ಇಲ್ಲ.

ಈ ಸಿಟ್ಟು ನ್ಯಾಯವಾದದ್ದೆಂದು ನಾನು ಬಹುಕಾಲ ನಂಬಿದ್ದೆ. ಎಪ್ಪತ್ತರ ದಶಕದ ಒಂದು ರವಿವಾರ ಮುಂಜಾನೆ ಶಹಾಬಾದಿನ ಟಾಕೀಸಿನಲ್ಲಿ ಒಂದು ಇಂಗ್ಲಿಷ್ ಸಿನಿಮಾ ನೋಡಿದ ಮೇಲೆ ಸಿಟ್ಟೇನೋ ಉಳಿಯಿತು, ಆದರೆ ಅದನ್ನು ಯಾರ ಮೇಲೆ ಇಳಿಸಬೇಕು ಎಂಬುದರಲ್ಲಿ ಭಾಳ ಗೊಂದಲವಾಯಿತು. ಆ ಸಿನಿಮಾದ ಹೆಸರು ಮರೆತಿದ್ದೇನೆ. ನೆನಪಿದ್ದರೂ ನಿಮಗೆ ಹೇಳುತ್ತಿರಲಿಲ್ಲ, ಅಷ್ಟು ಕೋಪವಿದೆ. ಜಗತ್ತು ಸುಟ್ಟುಹೋದ ಮೇಲೆ ಬದುಕುಳಿದ ನಾಲ್ಕು ಜನರ ಕಥೆ ಅದು. ಅಭಿಜಾತ ಕೃತಿ, ಮೇರುಕೃತಿ ಎಂದೆಲ್ಲ ನನ್ನ ಗೆಳೆಯ ವಾಮನರಾವ ಹೊಗಳಿದ್ದ. ಅವನು ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ. ಊರಿನ ಹತ್ತು ಹನ್ನೆರಡು ಓದಿದವರನ್ನು ಗುಡ್ಡೆ ಹಾಕಿ ಒಂದು ಚಿತ್ರರಸಿಕರ ಕೂಟ ಕಟ್ಟಿದ್ದ. ಟಾಕೀಸಿನ ಮಾಲೀಕನನ್ನು ಕಾಡಿ ಬೇಡಿ ಆ ಸಿನಿಮಾ ತರಿಸಿದವನೂ ಅವನೇ. ಹನ್ನೆರಡು ರಸಿಕರಿಂದ ಟಾಕೀಸು ತುಂಬುವುದಿಲ್ಲವಲ್ಲ, ಆದ್ದರಿಂದ ಉಳಿದ ಜಾಗವನ್ನು ಕಲ್ಲಿನ ಖಣಿಯ ಕೆಲಸಗಾರರೂ ವಾಡಿಯ ರೈಲ್ವೆ ಮಂದಿಯೂ ಸಂತೋಷದಿಂದ ತುಂಬಿದ್ದರು. ಪೋಸ್ಟರಿನಲ್ಲಿ ಒಂದು ದೊಡ್ಡ ಬೆಂಕಿಯೂ ಅದರ ಮುಂದೆ ಹರಕು ಅಂಗಿಯ ಒಬ್ಬ ಹುಡುಗಿಯೂ ಇದ್ದದ್ದು ಅವರ ರಸಿಕತೆಗೆ ಸಾಕಾಗಿತ್ತು.

ಆ ದಿನ ನನ್ನ ಜೊತೆ ಅಕ್ಕ ಗೌರಮ್ಮನೂ ಬಂದಿದ್ದಳು. ಕಣ್ಣು ತೋರಿಸಿಕೊಳ್ಳಲು ಊರಿಂದ ಬಂದವಳಿಗೆ ಹೊಸ ಚಾಳೀಸು ಸಿಕ್ಕಿತ್ತು. ಎರಡು ದಿನ ನಮ್ಮ ಮನೆಯ ಗೋಡೆ, ಮೂಲೆ, ಜೇಡರ ಬಲೆಗಳನ್ನೆಲ್ಲ ಪರಿಶೀಲಿಸಿ ನನ್ನ ಹೆಂಡತಿಯ ಮುಖ ಕೆಂಪಗಾಗಿಸಿದ ಮೇಲೆ, ಅಕ್ಕನ ದೃಷ್ಟಿಯನ್ನು ಮನೆಯಿಂದಾಚೆಗೆ ತಿರುಗಿಸುವುದು ಕ್ಷೇಮವೆಂದು ನಾನೇ ಕರೆದುಕೊಂಡು ಹೋಗಿದ್ದೆ. ಇಂಗ್ಲಿಷ್ ಬಾರದಿದ್ದರೇನು, ಪ್ರಳಯಕ್ಕೆ ಭಾಷೆ ಬೇಕೇ ಎಂದುಕೊಂಡೆ. ಅದೇ ನನ್ನ ಮೊದಲ ಅವಿವೇಕ.

ಅಕ್ಕನ ಮನೆ ಸೇಡಂ ಹತ್ತಿರದ ಆಡಕಿ. ಭಾವ ಶರಣಪ್ಪ ತೀರಿಹೋಗಿ ಆಗ ಬಹಳ ವರ್ಷಗಳಾಗಿದ್ದವು. ರೋಗದಿಂದಲ್ಲ, ಹಗೇವಿನಲ್ಲಿ. ಹಗೇವೆಂದರೆ ನಮ್ಮ ಕಡೆ ನೆಲದೊಳಗೆ ತೋಡಿದ ಜೋಳದ ಕಣಜ: ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು ಸಣ್ಣದು, ಹೊಟ್ಟೆ ಮಾತ್ರ ಒಂದು ಕೋಣೆಯಷ್ಟು ದೊಡ್ಡದು. ಸುಗ್ಗಿಯಲ್ಲಿ ತುಂಬಿ, ಬಾಯಿಗೆ ಫರಸಿ ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ಕಾಳು ವರ್ಷಗಟ್ಟಲೆ ಕೆಡುವುದಿಲ್ಲ, ಒಳಗಿನ ಗಾಳಿ ಮಾತ್ರ ಕೆಡುತ್ತದೆ. ಆದ್ದರಿಂದ ಬಾಯಿ ತೆಗೆದ ಮೇಲೆ ಒಂದು ದಿನ ಹಾಗೆಯೇ ಬಿಟ್ಟು, ಮರುದಿನ ಹಗ್ಗಕ್ಕೆ ಕಂದೀಲು ಕಟ್ಟಿ ಒಳಗೆ ಇಳಿಬಿಡುವುದು ಪದ್ಧತಿ. ದೀಪ ಉರಿಯುತ್ತಿದ್ದರೆ ಮನುಷ್ಯ ಇಳಿಯಬಹುದು, ನಂದಿದರೆ ಇಳಿಯಕೂಡದು. ಭಾವನಿಗೆ ಇದು ಗೊತ್ತಿರಲಿಲ್ಲವೆಂದಲ್ಲ. ಆದರೆ ಆ ದಿನ ಮೋಡ ಕಟ್ಟಿತ್ತು, ಚೀಲ ಹೊರುವವರು ಕಾಯುತ್ತಿದ್ದರು, ಅಕ್ಕ ಒಳಗೆ ಕಂದೀಲಿನ ಗಾಜು ಒರೆಸುತ್ತಿದ್ದಳು. "ನಿನ್ನಿನೇ ಬಾಯಿ ತಗದೀವಿ, ಏನಾಗ್ತದ" ಎಂದು ಆತ ಇಳಿದ. ಅಕ್ಕ ದೀಪ ಹಚ್ಚಿಕೊಂಡು ಹೊರಗೆ ಬರುವಷ್ಟರಲ್ಲಿ, ಮೇಲಿನಿಂದ ಎಷ್ಟು ಕೂಗಿದರೂ ಆತ ಓಗೊಡಲಿಲ್ಲ.

ಇಷ್ಟನ್ನೂ ಬಲ್ಲ ನಾನು, ಸಿನಿಮಾ ಸುರುವಾಗುವ ಮುನ್ನ ವಾಮನರಾವ ಕೋಟು ಹಾಕಿಕೊಂಡು ತೆರೆಯ ಮುಂದೆ ನಿಂತು ಕಥೆಯ ಸಾರಾಂಶವನ್ನೂ ಮಾನವಕುಲದ ಭವಿಷ್ಯವನ್ನೂ ಕಾಲು ತಾಸಿನಲ್ಲಿ ಮುಗಿಸಿ, "ದಯಮಾಡಿ ಯಾರೂ ಮಾತಾಡಬಾರದು" ಎಂದು ಕೇಳಿಕೊಂಡಾಗ, ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದೆ.

ಬೆಂಕಿ ಮೊದಲ ಹತ್ತು ನಿಮಿಷದಲ್ಲೇ ಮುಗಿದುಹೋಯಿತು. ಆಮೇಲೆ ಉಳಿದದ್ದು ಬೂದಿ, ದೂಳು, ಒಡೆದ ಗೋಡೆ ಮತ್ತು ಹಳೆಯ ಆಹಾರದ ಡಬ್ಬಿಗಳಿಗಾಗಿ ಅಲೆಯುವ ಗಡ್ಡವಿಲ್ಲದ ಒಬ್ಬ ನಾಯಕ. ಜಗತ್ತೆಲ್ಲ ಸುಟ್ಟು ಕರಕಾಗಿದೆ, ಹಜಾಮರ ಕುಲವೇ ನಿರ್ನಾಮವಾಗಿದೆ, ಇವನ ಕೆನ್ನೆ ಮಾತ್ರ ಬೆಣ್ಣೆ! ಮೈಮೇಲೆ ಮುಷ್ಟಿ ದೂಳು ಬಿದ್ದರೆ ಆ ಹುಡುಗಿ ಅಳುತ್ತಿದ್ದಳು. ಖಣಿಯಲ್ಲಿ ದಿನವಿಡೀ ಕಲ್ಲು ಸೀಳಿ, ಸಂಜೆ ರೆಪ್ಪೆಗಳಿಂದ ಬಿಳಿ ಪುಡಿ ಉದುರಿಸಿಕೊಂಡು ಮನೆಗೆ ಹೋಗುವ ಮಂದಿಗೆ ಇದರಲ್ಲಿ ಅಳುವಂಥದ್ದು ಏನಿದೆ ಎಂದು ತಿಳಿಯಲಿಲ್ಲ. ನನ್ನ ಹಿಂದೆ ಕುಳಿತಿದ್ದ ಒಬ್ಬ ಕಲ್ಲು ಒಡೆಯುವವ ಕೊನೆಗೂ ತಡೆಯಲಾರದೆ, "ಅಲ್ಲೋ, ದಿನಾ ಡಬ್ಬಿನೇ ಹುಡಕ್ಯಾಡಾಕತ್ಯಾನ, ಒಂದು ಹಿಡಿ ಜ್ವಾಳ ಬಿತ್ತಬಾರದೇನು ಇವಗ?" ಎಂದ. ಟಾಕೀಸು ಗೊಳ್ಳೆಂದಿತು. ನಾನು "ಶ್‌ಶ್" ಎಂದೆ. ಆದರೆ ಪ್ರಾಮಾಣಿಕವಾಗಿ ಹೇಳುತ್ತೇನೆ, ಅದು ಒಳ್ಳೆಯ ಪ್ರಶ್ನೆಯೇ ಆಗಿತ್ತು. ಸಮುದ್ರದಾಚೆಯ ಆ ಮಹಾನುಭಾವರು ಇಡೀ ಭೂಮಂಡಲವನ್ನು ಸುಡಬಲ್ಲರು, ಆದರೆ ಉಳಿದ ನಾಲ್ವರಲ್ಲಿ ಒಬ್ಬರಿಗಾದರೂ ಹಿಟ್ಟು ಕಲಸಲು ಬರುತ್ತದೆಂದು ಅವರ ಕಲ್ಪನೆಗೆ ಹೊಳೆಯುವುದಿಲ್ಲ. ಒಮ್ಮೆ ಚುನಾವಣೆಯ ಕೆಲಸಕ್ಕೆಂದು ಹೋಗಿ ಕುಂಚಾವರಂ ಕಾಡಿನಲ್ಲಿ ದಾರಿ ತಪ್ಪಿದ ನನಗೆ, ಅರ್ಧ ತೆಲುಗು ಅರ್ಧ ಕನ್ನಡ ಮಾತಾಡುವ ಒಬ್ಬ ಮುದುಕಿ ಯಾವುದೋ ಗಡ್ಡೆ ಅಗೆದು, ಸುಟ್ಟು, ಉಪ್ಪು ಹಚ್ಚಿ ತಿನ್ನಿಸಿ, ರಸ್ತೆಯ ತನಕ ಬಿಟ್ಟು ಹೋಗಿದ್ದಳು. ಪ್ರಳಯವಾದರೆ ಬದುಕುವವಳು ಆಕೆ. ಸಿನಿಮಾ ತೆಗೆಯುವುದು ಮಾತ್ರ ಈ ಡಬ್ಬಿ ಹುಡುಕುವವರ ಮೇಲೆ. ಇದು ಯಾವ ನ್ಯಾಯ?

ಇರಲಿ. ಹೀಗೆ ಅಲೆಯುತ್ತ ಅಲೆಯುತ್ತ ನಾಯಕನೂ ಆ ಹುಡುಗಿಯೂ ಒಂದು ಬಯಲಿಗೆ ಬಂದರು. ಅಲ್ಲಿ ನೆಲದೊಳಗೆ ಒಂದು ಗುಪ್ತ ಉಗ್ರಾಣ. ವರ್ಷಗಳ ಹಿಂದೆ ಯಾರೋ ಜಾಣರು ಆಹಾರ ತುಂಬಿ ಮುಚ್ಚಿಟ್ಟದ್ದು. ನಾಯಕ ಮುಚ್ಚಳವನ್ನು ಮೀಟಿ ತೆಗೆದ. ಸಣ್ಣ ಬಾಯಿ, ಒಳಗೆ ಕಗ್ಗತ್ತಲು. ಸಂಗೀತ ಏರಿತು. ಹುಡುಗಿ ಅಂಚಿನಲ್ಲಿ ನಿಂತು ಬಗ್ಗಿ ನೋಡಿದಳು. ಅವನು ಅಂಗಿಯ ತೋಳು ಮಡಚಿ, ಒಂದು ಕಾಲು ಒಳಗಿಟ್ಟ.

ಇಡೀ ಟಾಕೀಸು ಎದ್ದು ನಿಂತಿತು. "ಏ, ದೀಪ ಬಿಡೋ!" "ಹಗೇವದೋ ಅದು, ಹಂಗ ಇಳೀಬ್ಯಾಡ!" "ಗಾಳಿ ಆಡ್ಲಿ, ತಡಿಯೋ ಹುಚ್ಚಾ!" ಖಣಿಯವರು, ರೈಲ್ವೆಯವರು, ಬಾಗಿಲಲ್ಲಿ ಟಿಕೆಟ್ ಹರಿಯುವವನು, ಎಲ್ಲರೂ. ಅವರೆಲ್ಲರ ಗದ್ದಲದ ಮೇಲೆ ಒಂದು ಧ್ವನಿ, ಗಂಟಲು ಹರಿಯುವಂತೆ: "ಯಪ್ಪಾ ತಮ್ಮಾ, ದೀಪ ಬಿಟ್ಟು ಇಳಿಯೋ! ಒಂದ ಗಳಿಗಿ ತಡೀ, ದೀಪ ತರ್ತಾರ, ತಡೀ!" ನನ್ನ ಪಕ್ಕದ ಕುರ್ಚಿ ಖಾಲಿಯಿತ್ತು. ಅಕ್ಕ ನಡುದಾರಿಯಲ್ಲಿ ನಿಂತು, ಎರಡೂ ಕೈ ಎತ್ತಿ, ತೆರೆಯ ಕಡೆಗೆ ನಡೆಯುತ್ತಿದ್ದಳು.

ಮುಂದಿನ ಸಾಲಿನಿಂದ ವಾಮನರಾವ ತಿರುಗಿ ನನ್ನನ್ನು ನೋಡಿದ. ಆ ನೋಟದಲ್ಲಿ ಏನಿತ್ತೋ, ನಾನು ಆ ಕ್ಷಣದಲ್ಲಿ ಅಕ್ಕನ ತಮ್ಮನಾಗಿ ಉಳಿಯಲಿಲ್ಲ, ರಸಿಕರ ಕೂಟದ ಸದಸ್ಯನಾದೆ. ಹೋಗಿ ಆಕೆಯ ರಟ್ಟೆ ಹಿಡಿದೆ. "ಹಂಗ್ಯಾಕ ಒದರಾಕತ್ತಿ? ಮಂದಿ ನೋಡಾಕತ್ಯಾರ, ನನ್ನ ಮರ್ಯಾದಿ ತಗೀಬ್ಯಾಡ" ಎಂದು ಹಲ್ಲು ಕಚ್ಚಿ ಹೇಳಿ, ನಾಯಕ ಪೂರ್ತಿ ಇಳಿಯುವ ಮುನ್ನವೇ ಆಕೆಯನ್ನು ಹೊರಗೆ ಬಿಸಿಲಿಗೆ ಎಳೆದು ತಂದೆ. ಹೆಂಗಸರ ಮಾತಿಗೆ ನಾಚಿದವನಲ್ಲ ನಾನು, ಬಡವರ ಮಾತಿಗೂ ನಾಚಿದವನಲ್ಲ ಎಂದು ತಿಳಿದಿದ್ದೆ. ಅಂದು ನಾಚಿದೆ. ಈಗ ಅದನ್ನು ನೆನೆದು ನಾಚುತ್ತೇನೆ.

ಹೊರಗೆ ಅಕ್ಕ ಚಾಳೀಸು ತೆಗೆದು ಸೆರಗಿನಿಂದ ಒರೆಸಿಕೊಂಡಳು. ನನ್ನ ಬೈಗುಳ ಆಕೆಗೆ ಕೇಳಿಸಿಯೇ ಇರಲಿಲ್ಲ. ಕೇಳಿದ್ದು ಒಂದೇ ಮಾತು: "ಅಂವ ಮ್ಯಾಲ ಬಂದನೇನೋ?"

"ಸಿನಿಮಾ ಅಕ್ಕಾ ಅದು. ಖರೇ ಏನಲ್ಲ" ಎಂದೆ.

"ಅದು ನನಗೂ ಗೊತ್ತದ. ಬಂದನೇನು ಅಂತ ಕೇಳಿದೆ."

ನನಗೇನು ಗೊತ್ತು? ಅವಳೊಂದಿಗೆ ನಾನೂ ಹೊರಗೆ ಬಂದಿದ್ದೆನಲ್ಲ. ಆಕೆ ಆಮೇಲೆ ಮತ್ತೆ ಕೇಳಲಿಲ್ಲ. ಮರುದಿನ ಮುಂಜಾನೆಯ ಗಾಡಿಗೆ ವಾಡಿಯಲ್ಲಿ ಹತ್ತಿಸಿದಾಗ, ಕಿಟಕಿಯೊಳಗಿಂದ, "ಕೇಳಿ ತಿಳಕೊಂಡು ಹೇಳು" ಎಂದಳು ಅಷ್ಟೆ.

ಅದೇ ದಿನ ಒಂಬತ್ತನೆಯ ತರಗತಿಗೆ ನಾನು ಮಾಡಬೇಕಿದ್ದ ಪಾಠ ಯಾವುದು ಗೊತ್ತೇ? ಇಂಗಾಲದ ಡೈಆಕ್ಸೈಡಿನ ಗುಣಧರ್ಮಗಳು. ಬಣ್ಣವಿಲ್ಲ, ಗಾಳಿಗಿಂತ ಭಾರ, ತಗ್ಗಿನಲ್ಲಿ ಸಂಗ್ರಹವಾಗುತ್ತದೆ, ಉರಿಯುವ ದೀಪವನ್ನು ನಂದಿಸುತ್ತದೆ. ಬಿಳಿ ಸೀಮೆಸುಣ್ಣದಲ್ಲಿ ದುಂಡಗಿನ ಅಕ್ಷರಗಳಲ್ಲಿ ಬರೆದೆ. ನಾನು ವರ್ಷಾವರ್ಷ ಕಪ್ಪು ಹಲಗೆಯ ಮೇಲೆ ಬರೆದದ್ದನ್ನು, ಪರೀಕ್ಷೆಯಲ್ಲಿ ಐದು ಅಂಕಕ್ಕೆ ಕೇಳಿದ್ದನ್ನು, ಆ ಟಾಕೀಸಿನಲ್ಲಿದ್ದ ಅಷ್ಟೂ ಜನ ಎದ್ದು ನಿಂತು ಕೂಗಿ ಹೇಳಿದ್ದರು. ಅಲ್ಲಿ ಸುಮ್ಮನೆ ಕೂತವರು ಹನ್ನೆರಡು ರಸಿಕರು ಮತ್ತು ಒಬ್ಬ ವಿಜ್ಞಾನದ ಮಾಸ್ತರ. ಮನುಷ್ಯ ಸಾಯುವ ಜಾಗಕ್ಕೆ ಇಳಿಯುತ್ತಿರುವಾಗ ಬಾಯಿ ಮುಚ್ಚಿಕೊಂಡು ಸಂಗೀತ ಕೇಳುವುದಕ್ಕೆ ರಸಿಕತೆ ಎನ್ನುವುದಾದರೆ, ಬೆಂಕಿ ಹಚ್ಚಿ ಅಂಥ ರಸಿಕತೆಗೆ!

ಸಂಜೆ ವಾಮನರಾವನ ಮನೆಗೆ ಹೋದೆ. ಅವನಿನ್ನೂ ಕುದಿಯುತ್ತಿದ್ದ. "ಏನ್ರೀ ಮಾಸ್ತರ್ರ, ಅಂಥಾ ದೃಶ್ಯ ಹಾಳ ಮಾಡಿದ್ರಲ್ಲ ನಿಮ್ಮ ಮಂದಿ!" ಎಂದು ಬಾಗಿಲಲ್ಲೇ ಸುರುಮಾಡಿದ. "ನಮ್ಮ ಮಂದಿ" ಎಂಬುದನ್ನು ಆಮೇಲೆ ನೋಡೋಣವೆಂದು ನುಂಗಿಕೊಂಡು, ಇಳಿದವನ ಗತಿ ಏನಾಯಿತೆಂದು ಕೇಳಿದೆ.

"ಏನಾಗ್ತದ? ಮ್ಯಾಲ ಬಂದ. ಬಗಲಾಗ ನಾಲ್ಕು ಡಬ್ಬಿ ಹಿಡಕೊಂಡು ನಗಕೋತ ಬಂದ."

ನಗುತ್ತ ಬಂದನಂತೆ! ವರ್ಷಗಟ್ಟಲೆ ಮುಚ್ಚಿದ್ದ ಗುಂಡಿಯೊಳಗೆ ದೀಪವಿಲ್ಲದೆ ಇಳಿದು, ಒಂದು ಸಣ್ಣ ಕೆಮ್ಮೂ ಇಲ್ಲದೆ! ನನಗೆ ಬಂದ ಸಿಟ್ಟನ್ನು ಏನೆಂದು ಹೇಳಲಿ. ಅಂದು ಕೂತು, ಆ ಸಿನಿಮಾ ತೆಗೆದವರಿಗೆ ಇಂಗ್ಲಿಷಿನಲ್ಲಿ ನಾಲ್ಕು ಪುಟದ ಪತ್ರ ಬರೆದೆ. ಅಂದವಾದ ಚಿತ್ರ ಬಿಡಿಸಿ, ಬಾಣದ ಗುರುತು ಹಾಕಿ, ವಿಷವಾಯು ಎಲ್ಲಿ ನಿಲ್ಲುತ್ತದೆಂದು ತೋರಿಸಿದೆ. ತಮ್ಮ ಅಜ್ಞಾನದಿಂದ ಇಡೀ ಜಗತ್ತಿನ ಯುವಕರು ದೀಪ ಬಿಡದೆ ಹಗೇವಿಗೆ ಇಳಿಯುವ ಅಪಾಯವಿದೆಯೆಂದು ಎಚ್ಚರಿಸಿದೆ. ವಿಳಾಸ ಗೊತ್ತಿಲ್ಲವೆಂಬುದು ಲಕೋಟೆ ಅಂಟಿಸಿದ ಮೇಲೆ ನೆನಪಾಯಿತು.

ಆದರೆ ಅಕ್ಕನಿಗೆ ಏನು ಹೇಳುವುದು? ಮುಂದಿನ ಶನಿವಾರ ಆಡಕಿಗೆ ಹೊರಟಾಗ ಅದೇ ಚಿಂತೆ. ಚಿತ್ತಾಪುರದ ತನಕ, ಅವನು ಸತ್ತನೆಂದು ಹೇಳುವುದೇ ಸರಿ ಎನಿಸಿತು; ರಸಾಯನಶಾಸ್ತ್ರಕ್ಕೂ ಅದು ಒಪ್ಪುತ್ತದೆ, ಆಕೆ ಕೂಗಿದ್ದಕ್ಕೂ ಅರ್ಥ ಸಿಗುತ್ತದೆ. ಚಿತ್ತಾಪುರ ದಾಟಿದ ಮೇಲೆ, ಇನ್ನೊಂದು ಸಾವನ್ನು ಆಕೆಯ ಮನೆಗೆ ಹೊತ್ತೊಯ್ಯಲು ನಾನ್ಯಾರು ಎನಿಸಿತು. ಬದುಕಿ ಬಂದನೆನ್ನೋಣವೆಂದರೆ, ದೀಪ ಬಿಡದೆ ಇಳಿದವನು ನಗುತ್ತ ಮೇಲೆ ಬಂದನೆಂದು, ಕಂದೀಲು ಹಿಡಿದು ಹೊರಗೆ ಓಡಿಬಂದ ಆ ಹೆಂಗಸಿಗೆ ಯಾವ ಬಾಯಿಂದ ಹೇಳಲಿ? ಹಾಗಾದರೆ ನನ್ನವನು ಯಾಕೆ ಬರಲಿಲ್ಲ ಎಂದು ಆಕೆ ಕೇಳಿದರೆ? ಸೇಡಂನಲ್ಲಿ ಇಳಿದು ಬಸ್ಸು ಹತ್ತುವಾಗಲೂ ಇತ್ಯರ್ಥವಾಗಿರಲಿಲ್ಲ.

ಅಕ್ಕ ರೊಟ್ಟಿ ಬಡಿಯುತ್ತಿದ್ದಳು. ನನ್ನನ್ನು ಕಂಡು "ಬಾ ತಮ್ಮಾ, ಕುಂದ್ರು" ಎಂದು ಮಣೆ ಸರಿಸಿ, ತವೆಯ ಮೇಲಿನದನ್ನು ಮಗುಚಿ, ತಲೆಯೆತ್ತದೆಯೇ ಕೇಳಿದಳು: "ಕೇಳಿದೇನು?"

ರೈಲಿನಲ್ಲಿ ಕಟ್ಟಿದ ಸುಳ್ಳುಗಳೆಲ್ಲ ಆ ಒಲೆಯ ಮುಂದೆ ಕರಗಿಹೋದವು. "ಬಂದನಂತ ಅಕ್ಕಾ. ಏನೂ ಆಗಿಲ್ಲಂತ, ನಗಕೋತ ಮ್ಯಾಲ ಬಂದನಂತ" ಎಂದೆ. ಎಂದವನೇ, ಆಕೆ ಏನಾದರೂ ಅನ್ನುವ ಮೊದಲೇ, ಅದೆಲ್ಲ ಶುದ್ಧ ಸುಳ್ಳು, ಆ ಮಂದಿಗೆ ಹಗೇವಿನ ಗಂಧವೇ ಇಲ್ಲ, ಅಂಥವರನ್ನು ಹಿಡಿದು ಒಂದು ಸಲ ನಮ್ಮ ಹಗೇವಿನಲ್ಲಿ ಇಳಿಸಬೇಕು ಎಂದು ಉಸಿರು ಬಿಡದೆ ಬೈಯತೊಡಗಿದೆ.

ಅಕ್ಕ ಕೈಯೆತ್ತಿ ನನ್ನನ್ನು ತಡೆದಳು. ಹಿಟ್ಟಿನ ಕೈ ಹಾಗೆಯೇ ಇತ್ತು, ಕಣ್ಣು ತುಂಬಿದ್ದವು, ಮುಖದ ಮೇಲೆ ಮಾತ್ರ ಎಷ್ಟೋ ವರ್ಷಗಳಿಂದ ನಾನು ಕಾಣದಿದ್ದ ಒಂದು ನೆಮ್ಮದಿ.

"ಸುಮ್ಮ ಬೈಬ್ಯಾಡ ಅವರಿಗಿ" ಎಂದಳು. "ಬಂದನಲ್ಲ, ಚಲೋ ಆತು. ಆ ಹುಡುಗಿ ಒಬ್ಬಾಕಿನೇ ಮ್ಯಾಲ ನಿಂತಿದ್ದಳೋ."