ಹರಿದುಹೋದ ನಾಲ್ಕನೆಯ ಚೌಕ

ಗೋಕಾಕ ಬಸ್ ನಿಲ್ದಾಣದಲ್ಲಿ ಇವತ್ತು ಮಿರ್ಚಿ ಭಜಿ ಕಟ್ಟಿಕೊಟ್ಟ ಕಾಗದದಲ್ಲಿ, ನಾನೇ ಪತ್ರಿಕೆಗೆ ಬರೆಯುವ ನಾಲ್ಕು ಚೌಕದ ಚಿತ್ರಕಥೆಯಿತ್ತು. ಎಣ್ಣೆ ಹೀರಿದ ಆ ಕಾಗದದ ವಾಸನೆಗೆ ಮಮದಾಪುರದ ನಮ್ಮ ಅಡುಗೆಮನೆ ನೆನಪಾಯಿತು.

ಅಪ್ಪ ಸಂತೆಯಿಂದ ತರುತ್ತಿದ್ದ ಭಜಿಯ ಕಾಗದವೇ ನಮ್ಮ ಮನೆಯ ಪತ್ರಿಕೆ. ಅದರಲ್ಲಿ ಒಂದು ಆಡಿನ ಚಿತ್ರಕಥೆ ಬರುತ್ತಿತ್ತು. ಅಂಗಡಿಯವರು ಹಾಳೆ ಹರಿಯುವಾಗ ಕೊನೆಯ ಚೌಕ ಆಚೆಯ ತುಂಡಿಗೆ ಹೋಗುತ್ತಿದ್ದುದರಿಂದ, ನಾಲ್ಕನೆಯ ಚೌಕ ಮಾತ್ರ ನಮಗೆ ಸಿಗುತ್ತಿರಲಿಲ್ಲ. ಓದು ಬಾರದ ಅಜ್ಜಿ "ಮುಂದ ಏನಾತು?" ಎಂದು ಬಿಡದೆ ಕೇಳುತ್ತಿದ್ದಳು. ಅವಳಿಗಾಗಿ ಆ ಚೌಕವನ್ನು ನಾನೇ ಇದ್ದಿಲಿನಿಂದ ಗೋಡೆಯ ಮೇಲೆ ಬರೆಯತೊಡಗಿದೆ.

ಒಮ್ಮೆ ಚಿತ್ರಕಥೆಯ ಆಡು ಬಸ್ಸು ಹತ್ತಿತು, ಕಂಡಕ್ಟರ್ ಇಳಿ ಎಂದ. ನನ್ನ ಚೌಕದಲ್ಲಿ ಅದು ಅವನ ಟಿಕೀಟಿನ ಕಟ್ಟನ್ನೇ ತಿಂದಿತು. ಮರುದಿನ ಶಾಲೆಯಲ್ಲಿ ಅದೇ ಹಳೆಯ ಪತ್ರಿಕೆ ಇಡಿಯಾಗಿ ಸಿಕ್ಕಿತು; ನೋಡಿದರೆ ಆಡು ಸುಮ್ಮನೆ ಇಳಿದುಹೋಗಿತ್ತು. ನಾಚಿಕೆಯಾಗಿ, ಮನೆಗೆ ಬಂದವಳೇ ಗೋಡೆ ಒರೆಸಲು ಹೋದೆ.

ಜೀವಮಾನವೆಲ್ಲ ಆಡು ಸಾಕಿದ ಅಜ್ಜಿ ನನ್ನ ಕೈ ಹಿಡಿದಳು. "ಇಳಿ ಅಂದ್ರ ಇಳಿಯೂದು ಆಡ ಅಲ್ಲ. ಪೇಪರಿನವ್ರು ಯಾವಾಗ ಆಡು ಕಾದಾರ? ನೀ ತಗದ ಚಿತ್ರಾನ ಖರೆ. ನಾಳಿನೂ ತಗಿ."

ಅಂದಿನಿಂದ ಬರೆಯುವುದನ್ನು ನಿಲ್ಲಿಸಿಲ್ಲ. ಪತ್ರಿಕೆಗಳು ನನ್ನ ಚಿತ್ರಗಳನ್ನು ಎಷ್ಟೋ ಸಲ ವಾಪಸ್ ಕಳಿಸಿದಾಗಲೂ ನಿಲ್ಲಿಸಲಿಲ್ಲ.

ಇವತ್ತಿನ ಕಾಗದದಲ್ಲೂ ನಾಲ್ಕನೆಯ ಚೌಕ ಹರಿದಿತ್ತು. ಪಕ್ಕದಲ್ಲಿ ಮೂಡಲಗಿ ಬಸ್ಸಿಗೆ ಕಾಯುತ್ತಿದ್ದ ಹೆಂಗಸು ಬಗ್ಗಿ ನೋಡಿ, "ಮುಂದ ಏನಾತ್ರಿ?" ಎಂದರು. ಬರೆದವಳು ನಾನೇ ಎಂದು ಹೇಳಲಿಲ್ಲ. ಕಾಗದದ ಒಣ ಅಂಚು ತೋರಿಸಿ, ಪೆನ್ನನ್ನು ಅವರ ಕೈಗೆ ಕೊಟ್ಟೆ.