ಗ್ರಾಫಿಕ್ಸ್ ಕಾರ್ಡೂ ಮಹೇಶನ ಕಾಲೂ

ದಟ್ಟಗಳ್ಳಿಯ ಹೊಸ ಮನೆಗೆ ಬಂದು ತಿಂಗಳಾದರೂ ಒಂದು ರಟ್ಟಿನ ಡಬ್ಬ ಬಿಚ್ಚದೆ ಉಳಿದಿತ್ತು. ಮೊನ್ನೆ ಭಾನುವಾರ ಹೆಂಡತಿಯ ಗೊಣಗಾಟ ತಾಳಲಾರದೆ ಬಿಚ್ಚಿದೆ. ಹಳೆಯ ವೈರುಗಳ ಗಂಟಿನೊಳಗೆ ಅಂಗೈ ಅಗಲದ ಒಂದು ಹಸಿರು ಹಲಗೆ ಸಿಕ್ಕಿತು. ಅದರ ಮೇಲೊಂದು ಪುಟ್ಟ ಫ್ಯಾನು, ಅಂಚಿನಲ್ಲಿ ಮಾಸಿದ ಮೂರು ಬಿಳಿ ಗೆರೆ. ವಿಭೂತಿ! ಗ್ರಾಫಿಕ್ಸ್ ಕಾರ್ಡಿಗೆ ವಿಭೂತಿ ಹಚ್ಚಿದ ಮನೆ ಇಡೀ ಮೈಸೂರಿನಲ್ಲಿ ನಮ್ಮದೊಂದೇ ಎಂದು ಎದೆ ತಟ್ಟಿ ಹೇಳಬಲ್ಲೆ.

ಆಗ ನಾವು ಚಾಮರಾಜಪುರಂನಲ್ಲಿದ್ದೆವು. ನನಗೆ ಇಪ್ಪತ್ತು, ತಮ್ಮ ಮಹೇಶನಿಗೆ ಹದಿನಾರು. ನಾನು ಕಂಪ್ಯೂಟರ್ ಕೋರ್ಸಿಗೆ ಸೇರಿ ಆರು ತಿಂಗಳಾಗಿತ್ತು. ಆರು ತಿಂಗಳಲ್ಲಿ ಒಬ್ಬ ಮನುಷ್ಯ ಎಷ್ಟು ಕಲಿಯಬಹುದೋ ಅದಕ್ಕಿಂತ ಹೆಚ್ಚೇ ಕಲಿತಿದ್ದೇನೆಂಬ ಭರವಸೆ ನನಗೆ. ಬೀದಿಯಲ್ಲಿ ಯಾರ ಮನೆಯ ಕಂಪ್ಯೂಟರ್ ಕೆಟ್ಟರೂ ನನಗೇ ಕರೆ ಬರುತ್ತಿತ್ತು. ರಿಪೇರಿ ಆಗುತ್ತಿತ್ತೋ ಇಲ್ಲವೋ ಅದು ಬೇರೆ ಮಾತು, ಕಾಫಿಯಂತೂ ಸಿಗುತ್ತಿತ್ತು.

ಆ ಬೇಸಗೆ ರಜೆಯ ಮೊದಲ ವಾರವೇ ಮಹೇಶ ಚೆಂಡು ತರಲು ಪಕ್ಕದ ಮನೆಯ ಕಾಂಪೌಂಡ್ ಹತ್ತಿ ಬಿದ್ದ. ಬಲಗಾಲಿಗೆ ತೊಡೆಯಿಂದ ಹಿಮ್ಮಡಿಯವರೆಗೆ ಪ್ಲಾಸ್ಟರು. ಆರು ವಾರ ಮಡಚುವಂತಿಲ್ಲ ಎಂದರು ಡಾಕ್ಟರು. ಒಂದು ಕಡೆ ನಿಂತು ಗೊತ್ತಿಲ್ಲದ ಹುಡುಗ ಹಾಲಿನ ದಿವಾನದ ಮೇಲೆ ಕಾಲು ಚಾಚಿ ಸೂರು ನೋಡುತ್ತಾ ಬಿದ್ದಿರುವುದನ್ನು ಕಂಡು ಅಪ್ಪ ನನ್ನನ್ನು ಪಕ್ಕಕ್ಕೆ ಕರೆದರು.

"ಹೊತ್ತು ಹೋಗಕ್ಕೆ ಏನಾದ್ರೂ ತಂದ್ಕೊಡೋಣ ಕಣೋ ಅವನಿಗೆ. ಏನ್ ಬೇಕಂತೆ ಕೇಳು," ಎಂದರು.

ಮಹೇಶ ಕೇಳಿದ್ದು ಗೇಮ್ ಕನ್ಸೋಲ್. ಟಿವಿಗೆ ಸಿಕ್ಕಿಸಿ, ಕೈಯಲ್ಲಿ ಹಿಡಿದು ಆಡುವಂಥದ್ದು. ನನಗೆ ನಗು ಬಂತು. "ಅದು ಮಕ್ಕಳ ಆಟದ ಸಾಮಾನು ಕಣೋ. ವರ್ಷಕ್ಕೆ ಅಟ್ಟ ಸೇರುತ್ತೆ. ಅದೇ ನಮ್ ಹಳೇ ಕಂಪ್ಯೂಟರ್‌ಗೆ ಒಂದು ಗ್ರಾಫಿಕ್ಸ್ ಕಾರ್ಡ್ ಹಾಕ್ಬುಟ್ರೆ ಎಲ್ಲಾ ಗೇಮೂ ಓಡುತ್ತೆ, ನನ್ ಪ್ರಾಜೆಕ್ಟಿಗೂ ಆಗುತ್ತೆ!" ಪ್ರಾಜೆಕ್ಟು ಎಂಬ ಮಾತಿಗೆ ಅಪ್ಪ ಸೋತರು. ತನ್ನ ಧಾರಾವಾಹಿಗೆ ಟಿವಿ ಉಳಿಯುತ್ತದೆಂದು ಅಮ್ಮ ನನ್ನ ಪಕ್ಷ ಸೇರಿದಳು. ಮಹೇಶ, "ಆಯ್ತು ಬುಡಣ್ಣ," ಎಂದ.

ನನ್ನ ಕೆಲಸದಲ್ಲಿ ಹುಳುಕು ಹುಡುಕುವಂತಿರಲಿಲ್ಲ. ಕ್ಯಾಬಿನೆಟ್ ಬಿಚ್ಚಿ, ಸ್ಕೇಲು ಹಿಡಿದು, ಕಾರ್ಡು ಕೂರುವ ಜಾಗವನ್ನು ಮೂರು ಸಲ ಅಳೆದೆ. ಸರಸ್ವತಿಪುರಂನ ಅಂಗಡಿಯವರು, "ಇದನ್ನ ಟಿವಿಗೂ ಹಾಕ್ಬೋದು ಕಣ್ರೀ, ಕೇಬಲ್ ಒಳಗೇ ಇದೆ," ಎಂದಾಗ, ಟಿವಿ ಯಾರಿಗೆ ಬೇಕು ಎಂಬಂತೆ ಕೈಯಾಡಿಸಿದೆ. ಮನೆಗೆ ಹೊಸದೇನು ಬಂದರೂ ಪೂಜೆ ಮುಗಿಸಿ ಅದಕ್ಕೆ ವಿಭೂತಿ ಹಚ್ಚುವುದು ಅಪ್ಪನ ಪದ್ಧತಿ. ಮೂರು ಬೆರಳು ಮುಂದೆ ಬಂದಾಗ, "ಅಂಚಿಗೆ ಹಚ್ಚಿ ಅಪ್ಪಾ, ಅಂಚಿಗೆ!" ಎಂದು ಕಿರುಚಿದೆ. ಕಾರ್ಡು ಕೂತಿತು. ಪರೀಕ್ಷೆಗೆಂದು ನಾನೇ ಆಡಿ ನೋಡಿದ ಕಾರ್ ರೇಸು ನೀರು ಹರಿದಂತೆ ಓಡಿತು.

ನಮ್ಮ ಕಂಪ್ಯೂಟರ್ ಇದ್ದದ್ದು ಹಿಂದೆ ಉಗ್ರಾಣವಾಗಿದ್ದ ಕೋಣೆಯಲ್ಲಿ. ಮೇಜನ್ನು ಬಡಗಿ ಗೋಡೆಗೇ ಹೊಡೆದು ಕೂರಿಸಿದ್ದ. ಕಂಪ್ಯೂಟರಿಗೆಂದು ಹಾಕಿಸಿದ ಪ್ಲಗ್ ಪಾಯಿಂಟೂ ಅಲ್ಲೊಂದೇ ಇದ್ದದ್ದು. ಮಹೇಶನನ್ನು ಕುರ್ಚಿಯಲ್ಲಿ ಕೂರಿಸಿ ನಾನೂ ಅಪ್ಪನೂ ಹೊತ್ತು ತಂದೆವು. ನೇರ ನುಗ್ಗಿಸಿದರೆ ಕಾಲು ಮೇಜಿಗೆ ತಾಗಿತು. ಅಡ್ಡ ತಿರುಗಿಸಿದರೆ ಗೋಡೆಗೆ. ಬೆನ್ನು ಮುಂದಾಗಿ ತಂದರೆ ಕಾಲು ಬಾಗಿಲಾಚೆ, ಮುಖವೂ ಬಾಗಿಲ ಕಡೆಗೇ. ಅಪ್ಪ ಬೆವರೊರೆಸಿಕೊಂಡರು. "ಅಲ್ಲ ಕಣೋ, ಮೂರ್ ಸಲ ಡಬ್ಬ ಅಳೆದೆ. ಇವನ ಕಾಲ್ ಅಳೀಲಿಲ್ವಲ್ಲೋ."

ಮಹೇಶನೂ ನಕ್ಕ. ದಿವಾನಕ್ಕೆ ಮರಳಿದ ಮೇಲೆ ಮಾತ್ರ ಗೋಡೆಯ ಕಡೆ ಮುಖ ತಿರುಗಿಸಿಕೊಂಡ. ನಾನು ಹೋಗಿ ಕಾರ್ಡಿನ ಖಾಲಿ ಡಬ್ಬ ಎತ್ತಿಡತೊಡಗಿದೆ.

ಆಗ ನೆನಪಾದದ್ದು ಆ ಟಿವಿ ಕೇಬಲ್. ಅದರ ಉದ್ದ ಸಾಲದೆ ಅದೇ ಅಂಗಡಿಗೆ ಓಡಿ ಉದ್ದನೆಯದೊಂದನ್ನು ತಂದೆ. ಹಾಲಿನ ಟಿವಿಯಲ್ಲಿ ಕಾರು ಮೂಡಿತು. ಆದರೆ ಕೀಬೋರ್ಡಿನ ವೈರು ಮೊಳದುದ್ದ. ಹಾಗಾಗಿ ಉಗ್ರಾಣದಲ್ಲಿ ನಾನು ಒತ್ತುವುದು, ದಿವಾನದಿಂದ ಅವನು ಕೂಗುವುದು. "ಎಡಕ್ಕೆ ಕಣೋ! ಲಾರಿ, ಲಾರಿ! ಅಯ್ಯೋ, ಗುದ್ಬುಟ್ಟೆ!" ಅಮ್ಮ ಧಾರಾವಾಹಿ ಮರೆತು, "ಬ್ರೇಕ್ ಹಾಕೋ!" ಎನ್ನತೊಡಗಿದಳು. ಪ್ಲಾಸ್ಟರು ಬಿಚ್ಚುವವರೆಗೂ ಹೀಗೇ ಹೋಯಿತು. ಬಾಯಿ ಅವನದು, ಕೈ ನನ್ನದು ಎಂದು ಈ ಕತೆಯನ್ನು ನೆಂಟರಿಷ್ಟರಿಗೆಲ್ಲ ಹೇಳಿದ್ದೇನೆ, ಮಹೇಶನ ಮದುವೆಯಲ್ಲೂ ಹೇಳಿದೆ. ಎಲ್ಲರೂ ನಕ್ಕಿದ್ದಾರೆ.

ಹೇಳದೆ ಬಿಟ್ಟ ಒಂದು ಮಾತಿದೆ. ಉದ್ದನೆಯ ಕೇಬಲ್ ಕೊಡುವಾಗ ಅಂಗಡಿಯವರು, "ಕೀಬೋರ್ಡಿಗೂ ಒಂದು ಉದ್ದದ್ದು ಕೊಡ್ಲಾ?" ಎಂದು ಕೇಳಿದ್ದರು. ಬೇಡ ಎಂದೆ. ಕಾರು ಓಡಿಸುವ ರುಚಿ ನನಗೆ ಹತ್ತಿಬಿಟ್ಟಿತ್ತು.

ಕಾರ್ಡನ್ನು ಕೈಯಲ್ಲಿ ಹಿಡಿದೇ ಮಹೇಶನಿಗೆ ಫೋನ್ ಮಾಡಿ ಇದನ್ನು ಹೇಳಿಬಿಟ್ಟೆ. ಅವನು, "ಗೊತ್ತು ಕಣೋ," ಎಂದ.

"ಎಂಗೋ ಗೊತ್ತು?"

"ಪ್ಲಾಸ್ಟರ್ ಬಿಚ್ಚಿದ್ಮೇಲೆ ಆ ಅಂಗಡೀಗೆ ಹೋಗಿದ್ದೆ. ಕೀಬೋರ್ಡಿಗೆ ಉದ್ದದ ವೈರ್ ಸಿಗುತ್ತಾ ಅಂತ ಕೇಳ್ದೆ. 'ನಿಮ್ಮಣ್ಣನೇ ಬೇಡ ಅಂದ್ರಲ್ಲಪ್ಪ' ಅಂದ್ರು."

"ಮತ್ತೆ ಇಷ್ಟು ವರ್ಷ ಯಾಕೋ ಬಾಯಿ ಬಿಡ್ಲಿಲ್ಲ?"

"ನೀನು ಆ ಕತೇನ ಅಷ್ಟು ಖುಷಿಯಾಗಿ ಹೇಳ್ತಿದ್ದೆ. ಯಾಕ್ ಕೆಡಿಸ್ಲಿ ಅಂತ ಸುಮ್ನಿದ್ದೆ."

ನನಗೆ ನಾಚಿಕೆಯಾಯಿತು. ಆ ವಾರವೇ ಒಂದು ಕನ್ಸೋಲ್ ತಂದೆ. ಏನನ್ನೂ ಅಳೆಯಲಿಲ್ಲ.

ಮುಂದಿನ ಭಾನುವಾರ ಮಹೇಶ ಬಂದ. ಸೋಫಾದ ಮೇಲೆ ಬಲಗಾಲು ಚಾಚಿ ಕೂತ. ಅವನ ಕೈಗೆ ಕನ್ಸೋಲ್ ಕೊಟ್ಟೆ. ಮೊದಲ ತಿರುವಿಗೇ ಕಾರನ್ನು ಮರಕ್ಕೆ ಗುದ್ದಿದ. ಎರಡನೆಯ ಸಲ ಬೇಲಿಗೆ. ಅವನಿಗೆ ಓಡಿಸಲು ಬರುವುದೇ ಇಲ್ಲ. ಬರುವುದಾದರೂ ಹೇಗೆ? ಪಕ್ಕದಲ್ಲಿ ಕೂತ ನನ್ನ ನಾಲಗೆಯ ತುದಿಗೆ "ಎಡಕ್ಕೆ!" ಎಂಬುದು ಬಂದಿತ್ತು. ನುಂಗಿಕೊಂಡೆ.