ನಾನು ಗೆದ್ದ ಮನೆಗೆ ಕೇಳಿ ಬರ್ಬೇಕು

ನಾನು ದಾಸರಹಳ್ಳಿಯ ಒಂದು ಶಾಲೆಯಲ್ಲಿ ಸಮಾಜ ಕಾರ್ಯಕರ್ತೆ. ಕೇಳದೆ ಯಾರೂ ನಿಮ್ಮನ್ನ ಮುಟ್ಟಬಾರದು ಅಂತ ಇವತ್ತು ಎರಡನೇ ಕ್ಲಾಸಿನ ಮಕ್ಕಳಿಗೆ ಹೇಳಿಕೊಡುತ್ತಿದ್ದೆ. ಒಬ್ಬೊಬ್ಬರ ಸುತ್ತ ಗೆರೆ ಎಳೆಯುವಾಗ ಸೀಮೆಸುಣ್ಣದ ಪುಡಿ ಮೂಗಿಗೆ ಬಡಿದು, ನಮ್ಮ ಹಳೇ ವಠಾರ ಕಣ್ಣೆದುರು ಬಂತು.

ಅಲ್ಲಿನ ಎಂಟೂ ಮನೆಗೆ ಓನರ್ ತಾತನೇ ಯಜಮಾನರು. ಬಂದಾಗಲೆಲ್ಲ ಎಲೆಅಡಿಕೆಯ ಸುಣ್ಣ ಮೆತ್ತಿದ ಬೆರಳಲ್ಲೇ ನನ್ನ ಕೆನ್ನೆ ಹಿಂಡೋರು. ಚುರುಚುರು ಅಂತ ಉರೀತಿತ್ತು. "ಪ್ರೀತಿಗೆ ಕಣೇ, ಸುಮ್ನಿರು," ಅನ್ನೋಳು ಅಮ್ಮ.

ಒಂದು ದಿನ ಅಂಗಳದಲ್ಲಿ ಕುಂಟೆಬಿಲ್ಲೆ ಆಡ್ತಿದ್ದೆ. ಗೆದ್ದವರ ಚೌಕ ಅವರ ಮನೆ, ಅದರೊಳಗೆ ಬೇರೆಯವರು ಕಾಲಿಡಂಗಿಲ್ಲ. ತಾತ ಕೈ ಚಾಚ್ಕೊಂಡು ಬಂದ್ರು.

"ಇದು ನಾನು ಗೆದ್ದ ಮನೆ. ಕೇಳದೆ ಬರಂಗಿಲ್ಲ!" ಅಂತ ಕಿರುಚಿದೆ.

ನೀರು ತರ್ತಿದ್ದ ಅಮ್ಮನ ಕೈಯಿಂದ ಬಿಂದಿಗೆ ಜಾರಿತು. ಮನೆ ಖಾಲಿ ಮಾಡಿ ಅಂದುಬಿಟ್ರೆ ಅನ್ನೋ ಭಯ ಅವಳಿಗೆ. ತಾತ ಗೆರೆ ನೋಡಿದ್ರು, ನನ್ನ ನೋಡಿದ್ರು, ಎತ್ತಿದ ಕಾಲು ಹಿಂದಿಟ್ರು. "ಅಂಗಾದ್ರೆ ಬರಾಕಿಲ್ಲ ಬುಡಮ್ಮ," ಅಂದ್ರು. ಆಮೇಲೆ ನನ್ನ ಕೆನ್ನೆ ತಂಟೆಗೇ ಬರಲಿಲ್ಲ.

ಇವತ್ತು ಪಾಠ ಮುಗಿದಾಗ ಒಂದು ಪುಟಾಣಿಯ ಬಿಚ್ಚಿದ ರಿಬ್ಬನ್ ಕಟ್ಟಲು ಹೋದೆ. ಅವಳು ತನ್ನ ಗೆರೆಯೊಳಗೆ ಸೊಂಟದ ಮೇಲೆ ಕೈಯಿಟ್ಟು ನಿಂತು, "ಕೇಳಿ ಬನ್ನಿ, ಮಿಸ್!" ಅಂದಳು.

ಎತ್ತಿದ ಕಾಲು ಹಿಂದಿಟ್ಟು ಕೇಳಿದೆ, "ಬರ್ಲಾ, ಮೇಡಂ?"